ತಟ್ಟೆಯಲ್ಲಿ ಕಂಡ ಶಂಖಪುಷ್ಪ

ನಮ್ಮೂರಿನಲ್ಲಿ ಹೂವನ್ನು ಒಂದು ಗೇಣಿಗಿಂತ ಹತ್ತಿರದಿಂದ ಯಾರೂ ನೋಡುವುದಿಲ್ಲ. ಮುಡಿಯುತ್ತಾರೆ, ಕಟ್ಟುತ್ತಾರೆ, ದೇವರ ತಲೆಯ ಮೇಲೆ ಇಡುತ್ತಾರೆ, ನೋಡುವುದು ಮಾತ್ರ ಇಲ್ಲ. ಹೂ ಕಟ್ಟುವವರು ಬುಟ್ಟಿಯನ್ನು ಮೊಣಕಾಲಿನಾಚೆ ಇಟ್ಟುಕೊಂಡು, ಬೀದಿಯ ಕಡೆ ಕಣ್ಣು ನೆಟ್ಟು, ಬೆರಳಿನ ಅಂದಾಜಿನಲ್ಲೇ ಗಂಟು ಹಾಕುತ್ತಾರೆ. ಊರಿನ ಸುದ್ದಿಯೆಲ್ಲ ಅವರಿಗೇ ಮೊದಲು ಗೊತ್ತಾಗುವುದು ಅದಕ್ಕೇ. ಮದುವೆಯಲ್ಲಿ ಹಾರ ಬದಲಾಯಿಸುವಾಗ ಗಂಡು ಹೆಣ್ಣು ಇಬ್ಬರೂ ಕಣ್ಣು ಮುಚ್ಚಿಕೊಳ್ಳುತ್ತಾರೆ. ಹೊರಗಿನಿಂದ ಬಂದ ನೆಂಟರು ಅದನ್ನು ನಾಚಿಕೆ ಎಂದುಕೊಂಡು ಬಹಳ ಮೆಚ್ಚುತ್ತಾರೆ.

ಅಪ್ಪಿತಪ್ಪಿ ಯಾರಾದರೂ ನೋಡಿಬಿಟ್ಟರೆ ಹೂ ಅವರನ್ನು ಹಿಡಿದುಕೊಳ್ಳುತ್ತದೆ. ಅದು ತಾನಾಗಿ ಬಾಡಿ ಉದುರುವವರೆಗೆ ಹೂವಿಗೆ ಆದದ್ದೆಲ್ಲ ಅವರಿಗೂ ಆಗುತ್ತದೆ. ತಾನಾಗಿ ಬಾಡಿತೋ, ಬಿಟ್ಟುಕೊಡುತ್ತದೆ. ಅದಕ್ಕೆ ಮೊದಲೇ ಯಾರಾದರೂ ಕಿತ್ತರೋ, ಏನನ್ನಾದರೂ ಇಟ್ಟುಕೊಂಡೇ ಹೋಗುತ್ತದೆ. ಆದ್ದರಿಂದ ಮನೆಯವರೆಲ್ಲ ಆ ಗಿಡದ ಸುತ್ತ ಬೆನ್ನು ಹಾಕಿ ಕೂತು, ಕೊಡೆ ಹಿಡಿದು, ಆಡು ಕೋಳಿ ಗಾಳಿ ಯಾವುದೂ ಹತ್ತಿರ ಸುಳಿಯದಂತೆ ಸಂಜೆಯವರೆಗೆ ಕಾಯುತ್ತಾರೆ. ಇದಕ್ಕೆ ಹೂಗಾವಲು ಅಂತ ಹೆಸರು. ಶಾಲೆಯಲ್ಲಿ ಇದಕ್ಕೆ ರಜೆ ಕೊಡುತ್ತಾರೆ. ಗಾವಲು ತಪ್ಪಿದವರೂ ಇದ್ದಾರೆ. ಮಿಲ್ಲಿನ ಶೇಷಪ್ಪ ನೋಡಿದ ದಾಸವಾಳವನ್ನು ಆಡು ತಿಂದಿತು, ಅವನಿಗೆ ಮತ್ತೆ ಮೀಸೆ ಬರಲಿಲ್ಲ. ಅದನ್ನು ಹೇಳಿಕೊಂಡು ಊರು ನಗುತ್ತದೆ. ಕೆಳಗಿನ ಬೀದಿಯ ಒಂದು ಹುಡುಗಿ ನೋಡಿದ ಹೂ ಗಾಳಿಗೆ ಹಾರಿ ಕಾಲುವೆಗೆ ಬಿತ್ತು. ಆಕೆಯ ವಿಷಯ ಯಾರೂ ಎತ್ತುವುದಿಲ್ಲ.

ಇಂಥ ಊರಿನಲ್ಲಿ ನಾನು ಬಾಟನಿ ಓದಿ ಫೋಟೋ ಸ್ಟುಡಿಯೋ ಇಟ್ಟವನು. ಮನೆಯ ಮುಂದಿನ ಕೋಣೆಯೇ ಸ್ಟುಡಿಯೋ. ಪಾಸ್‌ಪೋರ್ಟ್ ಸೈಜಿನ ಮುಖಗಳಿಂದ ಮೊಡವೆ ಅಳಿಸುವುದು, ನಿದ್ದೆಗಣ್ಣಿಗೆ ಹೊಳಪು ಕೊಡುವುದು ನನ್ನ ಕಸುಬು. ಕಸುಬಿನ ಜೊತೆಗೊಂದು ಕಸರತ್ತೂ ಇತ್ತು. ಊರಿನ ಯಾರ ದನಿಯನ್ನಾದರೂ ತೆಗೆಯುತ್ತಿದ್ದೆ. ಬ್ಯಾಂಕಿನ ಮ್ಯಾನೇಜರು ಮೂಗಿನಲ್ಲಿ ಸಾಲ ನಿರಾಕರಿಸುವುದನ್ನು, ಹೂಗಾವಲಿನ ಯಜಮಾನಿ ತುಂಗಕ್ಕ ಕೆಮ್ಮಿ ಬಯ್ದು ಮತ್ತೆ ಕೆಮ್ಮುವುದನ್ನು ಮಾಡಿ ತೋರಿಸಿದರೆ, ನನ್ನ ಹೆಂಡತಿ ವೇದವತಿ ಹೊಲಿಗೆಯ ಮೆಷಿನ್ ನಿಲ್ಲಿಸಿ ನಗುತ್ತಿದ್ದಳು. ಪಕ್ಕದ ಮನೆಯ ಆ ತುಂಗಕ್ಕನೇ ಒಮ್ಮೆ ಕೇಳಿಸಿಕೊಂಡು, "ಲೋ ಚಿದಂಬರ, ನೀನು ಫೋಟೋ ತೆಗೀತೀಯೋ ಜನರ ಮಾನ ತೆಗೀತೀಯೋ?" ಅಂದಳು. "ಎರಡಕ್ಕೂ ಒಂದೇ ರೇಟು ತುಂಗಕ್ಕ, ದೊಡ್ಡದು ಮಾಡಿಸಿದರೆ ಮಾತ್ರ ಜಾಸ್ತಿ" ಅಂದೆ, ಅವಳದೇ ಕೆಮ್ಮು ಸೇರಿಸಿ.

ಹೂವಿನ ಹುಚ್ಚು ಹಿಡಿದದ್ದು ಹಳೆಯದೊಂದು ಲೆನ್ಸು ಕೈಯಿಂದ ಜಾರಿ ತಿರುಗುಮುರುಗಾಗಿ ಬಿದ್ದ ದಿನ. ಅದನ್ನು ಹಿಂದುಮುಂದಾಗಿಯೇ ಹಿಡಿದು ನೋಡಿದೆ. ಮೇಜಿನ ಮೇಲಿದ್ದ ಸಕ್ಕರೆ ಹರಳು ಬಂಡೆಯಷ್ಟಾಗಿತ್ತು. ಕೊಳಾಯಿ ಅಂಗಡಿಯಿಂದ ಪೈಪಿನ ತುಂಡು ತಂದು, ಒಂದು ತುದಿಗೆ ಕ್ಯಾಮರಾ, ಇನ್ನೊಂದು ತುದಿಗೆ ಮೂತಿ ತಿರುಗಿಸಿದ ಲೆನ್ಸು ಇಟ್ಟು, ಸಂದುಗಳಿಗೆ ಸೈಕಲ್ ಟ್ಯೂಬು ಸುತ್ತಿದೆ. ಬಿಸಿಲಿನ ಚುರುಕು ತಗ್ಗಿಸಲು ಹಾಲಿನ ಕವರನ್ನು ಒಳಮೈ ಹೊರಗೆ ಮಾಡಿ ತಂತಿಗೆ ಬಿಗಿದೆ. ಕ್ಯಾಮರಾ ಅಲುಗದಿರಲು ಕಾಲುಚೀಲಕ್ಕೆ ರಾಗಿ ತುಂಬಿ ದಿಂಬು ಮಾಡಿದೆ. ವೇದಾ ಇದಕ್ಕೆ ಕೊಳಾಯಿ ಕ್ಯಾಮರಾ ಅಂತ ನಾಮಕರಣ ಮಾಡಿದಳು.

"ಗೇಣಿನೊಳಗೆ ಹೋಗ್ತೀರಲ್ರೀ, ಭಯ ಆಗಲ್ವಾ?" ಎಂದು ಕೇಳಿದಳು.

"ಹೋಗೋದು ಕ್ಯಾಮರಾ ಕಣೇ. ನಾನು ನೋಡೋದು ಅದರ ಬೆನ್ನ ಮೇಲಿರೋ ಪರದೇನ. ಪರದೆ ನೋಡಿದ್ರೆ ಹೂ ನೋಡಿದಂಗಾ?"

ಅಲ್ಲ ಎಂದು ನಾನೇ ತೀರ್ಮಾನ ಮಾಡಿದ್ದೆ. ಹಾಗೇ ನಡೆಯಿತು ಕೂಡ. ಕನಕಾಂಬರದ ನರ, ತುಂಬೆಯ ತುಟಿ, ಸೇವಂತಿಗೆಯ ಪರಾಗ, ಊರಿನವರು ಹುಟ್ಟಿದ ಮೇಲೆ ಕಾಣದ್ದನ್ನೆಲ್ಲ ತೆಗೆದೆ. ಗೋಡೆಗೆ ತೂಗುಹಾಕಿದರೆ ಜನ ಮೊದಲು ಬಾಗಿಲಲ್ಲೇ ನಿಂತರು. ಆಮೇಲೆ ಒಳಗೆ ಬಂದು, ಆಮೇಲೆ ಮೂಗು ತಾಗಿಸಿ ನೋಡಿದರು. ಯಾರಿಗೂ ಏನೂ ಆಗಲಿಲ್ಲ. ತುಂಗಕ್ಕ ಮಾತ್ರ ಹೊಸ್ತಿಲು ದಾಟಲಿಲ್ಲ. "ಬಾಡದೇ ಇರೋ ಹೂವನ್ನ ನಾನು ನಂಬಲ್ಲಪ್ಪ" ಅಂದಳು.

ಆ ಮುಂಜಾನೆ ನಮ್ಮ ಬೇಲಿಯ ಬಳ್ಳಿಯಲ್ಲಿ ಒಂದು ಶಂಖಪುಷ್ಪ ಬಿರಿದಿತ್ತು. ನೀಲಿ ಎಸಳಿನ ನಡುವಿನ ಬಿಳಿಯ ಮೇಲೆ ಒಂದೇ ಒಂದು ಇಬ್ಬನಿಯ ಹನಿ. ಬೆಳಕು ಒಂದೇ ಕಡೆಯಿಂದ ಬೀಳುತ್ತಿದ್ದರಿಂದ ವೇದಾಳನ್ನು ಕರೆದೆ. ಹಳದಿ ಸೀರೆಯಲ್ಲಿದ್ದ ಅವಳು ಊಟದ ಸ್ಟೀಲ್ ತಟ್ಟೆಯನ್ನು ಬಲಗೈಯಲ್ಲಿ ಹಿಡಿದು, ಹೂವಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ರೂಢಿಯಂತೆ ಮುಖ ಆಚೆ ತಿರುಗಿಸಿದಳು. ತಟ್ಟೆಯ ಹೊಳಪು ಎಸಳಿನ ಮೇಲೆ ಬಿತ್ತು. ನಾನು ಉಸಿರು ಹಿಡಿದು, ಮೈಯನ್ನೇ ಹಿಂದೆ ಮುಂದೆ ತೂಗಿ, ಹನಿ ಸ್ಪಷ್ಟವಾಗುವ ಕೂದಲೆಳೆಯ ಜಾಗ ಹುಡುಕುತ್ತಿದ್ದೆ.

"ಅಯ್ಯೋ ರೀ, ತಟ್ಟೇಲಿ ಹೂ ಎಷ್ಟು ಚೆನ್ನಾಗಿ ಕಾಣ್ತಿದೆ ಗೊತ್ತಾ!" ಅಂದಳು ವೇದಾ. ಅದೇ ಕ್ಷಣ ಒತ್ತಿದೆ.

ಮುಖ ತಿರುಗಿಸಿದ್ದಾಳಲ್ಲ ಎಂದುಕೊಂಡೆ ನಾನು. ತಿರುಗಿಸಿದ್ದೇನಲ್ಲ ಎಂದುಕೊಂಡಳು ಅವಳು. ಮುಖ ತಿರುಗಿಸಿದರೆ ಸಾಕು ಎಂದು ತೊಟ್ಟಿಲಲ್ಲೇ ಕಲಿತವರು ನಾವು. ಕೈಯಲ್ಲಿ ಹಿಡಿದ ತಟ್ಟೆಗೂ ಒಂದು ನೋಟ ಇರುತ್ತದೆ ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಮಧ್ಯಾಹ್ನ ಕಂಪ್ಯೂಟರಿನ ಮುಂದೆ ಕೂತೆ. ನನ್ನ ಕೈಯಿಂದ ಅಂಥ ಚಿತ್ರ ಹಿಂದೆ ಬಂದಿರಲಿಲ್ಲ. ಎರಡೇ ಕೊರತೆ. ಹನಿಯಲ್ಲಿ ಧೂಳೋ ಹೇನೋ ಒಂದು ಕಪ್ಪು ಚುಕ್ಕೆ. ಹಿಂದುಗಡೆ ನಮ್ಮ ಬಟ್ಟೆ ಒಣಹಾಕುವ ಹಗ್ಗ, ಅದರ ಮೇಲೆ ನನ್ನದೇ ಬನಿಯನ್ನು. ಚುಕ್ಕೆಯನ್ನು ಪಕ್ಕದ ಬಣ್ಣದಿಂದ ಒರೆಸಿದೆ. ಹಗ್ಗ, ಬನಿಯನ್ನು, ಗೋಡೆ, ಎಲ್ಲವನ್ನೂ ಮಂಜಿನಂತೆ ಮಸುಕು ಮಾಡಿದೆ. ಹಳೆಯದರ ಮೇಲೇ ಸೇವ್ ಮಾಡಿ ಮುಚ್ಚಿದೆ. ಮರುದಿನ ಯಾರದೋ ಮನೆಯಲ್ಲಿ ನಾಮಕರಣದ ಫೋಟೋ ಇತ್ತು. ಅದಕ್ಕಾಗಿ ಕ್ಯಾಮರಾದ ಕಾರ್ಡನ್ನೂ ಖಾಲಿ ಮಾಡಿದೆ.

ಬೆಳಗ್ಗೆ ವೇದಾ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. "ರೀ, ಮಂಜು ಬಿದ್ದಿದೆಯಾ?" ಎಂದು ಕೇಳಿದಳು. ಹೊರಗೆ ಚುರುಚುರು ಬಿಸಿಲು.

"ಯಾಕೆ?"

"ಹಗ್ಗ ಕಾಣ್ತಿಲ್ಲ. ಗೋಡೆನೂ ಕಾಣ್ತಿಲ್ಲ." ಕೈ ಮುಂದೆ ಚಾಚಿದಳು. "ಬೆರಳು ಕಾಣುತ್ತೆ. ಅದರಾಚೆ ಎಲ್ಲಾ ಹಾಲು ಚೆಲ್ಲಿದಂಗಿದೆ." ನನ್ನ ಕಡೆ ತಿರುಗಿದಳು. ಅವಳ ಬಲಗೆನ್ನೆಯ ಮೇಲೆ, ಮದುವೆಗೆ ಮುಂಚೆ ನನಗೆ ತೋರಿಸಿದ ಫೋಟೋದಲ್ಲಿ ನಾನು ಮೊದಲು ಕಂಡಿದ್ದ ಆ ಕಪ್ಪು ಮಚ್ಚೆ ಇರಲಿಲ್ಲ. ಒರೆಸಿದಷ್ಟು ನುಣ್ಣಗಿತ್ತು ಆ ಜಾಗ.

ಓಡಿ ಹೋಗಿ ಕಂಪ್ಯೂಟರ್ ಹಾಕಿದೆ. ಅದು ಮುದಿಯಂತ್ರ, ಎದ್ದು ಕೂರಲೇ ಹೊತ್ತು ಬೇಕು. ಚಿತ್ರ ತೆರೆದು ಹನಿಯನ್ನು ಹಿಗ್ಗಿಸಿದೆ, ಮತ್ತೆ ಹಿಗ್ಗಿಸಿದೆ. ಹನಿಯ ಗುಂಡು ಮೈಯಲ್ಲಿ ತಟ್ಟೆಯೊಂದು ಹೊಳೆಯುತ್ತಿತ್ತು. ತಟ್ಟೆಯೊಳಗಿನಿಂದ ಹಳದಿ ಸೀರೆಯ ಹೆಂಗಸೊಬ್ಬಳು ಹೂವನ್ನು ನೋಡುತ್ತಿದ್ದಳು. ಅಷ್ಟರಲ್ಲಿ ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಹನಿಯೊಳಗಿನವಳು ಬೆಚ್ಚಿದಳು.

ಬಳ್ಳಿಯ ಮೇಲಿನ ಹೂ ನಿನ್ನೆ ಸಂಜೆಯೇ ಬಾಡಿ ಉದುರಿತ್ತು. ಇದು ಬಾಡುವ ಹೂವಲ್ಲ. ಅಳಿಸಿಹಾಕಿದರೆ ಕಿತ್ತಂತೆ. ಬಿಟ್ಟರೆ, ಈ ಮುದಿಯಂತ್ರ ಎಂದು ಪ್ರಾಣ ಬಿಡುತ್ತದೋ ಅಂದು ಅದರೊಂದಿಗೆ ವೇದಾ.

ತುಂಗಕ್ಕನಿಗೆ ಹೇಳದೆ ಗತಿ ಇರಲಿಲ್ಲ. ಮೊದಲ ಸಲ ಹೊಸ್ತಿಲು ದಾಟಿ ಬಂದಳು. ಚಿತ್ರಕ್ಕೆ ಬೆನ್ನು ಹಾಕಿ ನಿಂತು ಎಲ್ಲ ಕೇಳಿಸಿಕೊಂಡಳು.

"ಮುಖ ತಿರುಗಿಸಿದ್ದಳು ತುಂಗಕ್ಕ, ನಾನೇ ಕಂಡೆ" ಎಂದೆ.

"ಕನ್ನಡೀಲಿ ಮುಖ ನೋಡ್ಕೊಂಡ್ರೆ ಮುಖ ನೋಡ್ಕೊಂಡಂಗಲ್ವೇನೋ? ಓದಿದ್ದೀಯಂತೆ, ಏನೋ ಓದಿದ್ದು?" ಕೆಮ್ಮಿದಳು.

"ಇನ್ನೊಂದು ಪ್ರತಿ ತೆಗೆದಿಟ್ಟರೆ? ಯಂತ್ರ ಕೆಟ್ಟರೂ..."

"ಒಬ್ಬಳಿಗೆ ಎರಡು ಹೂವಾ? ಆ ಕಡೆ ಈ ಕಡೆ ಎಳೆದಾಡ್ಲಿ ಅಂತಲಾ? ಮುಟ್ಟಿದ್ದು ಸಾಕು, ಕೈ ಕಟ್ಕೊಂಡು ಕೂತ್ಕೋ." ಆಮೇಲೆ ದನಿ ಇಳಿಸಿ, "ಬಾಡಬೇಕು ಕಣೋ. ಹ್ಯಾಗಾದ್ರೂ ಅದು ಬಾಡಬೇಕು" ಅಂದಳು.

ಅಂದು ಇಡೀ ದಿನ ವೇದಾ ಹೊಲಿಗೆ ಬಿಡಲಿಲ್ಲ. ಸೂಜಿ ಕಾಣುತ್ತಿತ್ತು, ಬಟ್ಟೆ ಕಾಣುತ್ತಿತ್ತು. ಬಾಗಿಲಲ್ಲಿ ನಿಂತವರು ಮಾತ್ರ ಬರಿಯ ದನಿ. "ಯಾರು? ಓ, ಬನ್ನಿ" ಎನ್ನುವುದನ್ನು ಅರ್ಧ ದಿನದಲ್ಲೇ ಕಲಿತಳು. ನನಗೆ ಸಹಿಸಲಾಗಲಿಲ್ಲ. ನಗಿಸಬೇಕೆಂದು, ಬಾಗಿಲ ಬಳಿ ನಿಂತು ತುಂಗಕ್ಕನಂತೆ ಕೆಮ್ಮಿ, "ಏನೇ ವೇದಾ, ನನ್ನ ರವಿಕೆ ತೋಳು ಇನ್ನೂ ಮೆಷಿನ್ನಿಗೇ ನೇತಾಡ್ತಿದೆಯಾ?" ಎಂದೆ.

"ಬನ್ನಿ ತುಂಗಕ್ಕ" ಅಂದಳು. ಆಮೇಲೆ ತಲೆ ಎತ್ತಿದಳು. ಪಕ್ಕದ ಮನೆಯ ಕಡೆಯಿಂದ ನಿಜವಾದ ತುಂಗಕ್ಕ ಕೋಳಿ ಅಟ್ಟುವ ಕೂಗು ಕೇಳಿಸುತ್ತಿತ್ತು. ವೇದಾ ಕತ್ತರಿಯನ್ನು ಎದೆಗೆ ಅವುಚಿಕೊಂಡು ಗೋಡೆಗೆ ಒತ್ತಿ ನಿಂತಳು. "ಯಾರದು? ಯಾರಲ್ಲಿ? ರೀ, ಎಲ್ಲಿದ್ದೀರಾ?"

"ನಾನೇ ಕಣೇ, ನಾನೇ" ಎನ್ನುತ್ತಾ ಹೋದೆ. ಕೈ ಮುಂದೆ ಮಾಡಿ ನನ್ನ ಮುಖವನ್ನು ಅವಳಿಗೆ ಕಾಣುವಷ್ಟು ಹತ್ತಿರ ಎಳೆದುಕೊಂಡಳು. ತುಂಬ ಹೊತ್ತು ನೋಡಿದಳು.

"ಇನ್ಮೇಲೆ ನಿಮ್ಮ ದನೀಲೇ ಮಾತಾಡಿ. ನಂಗೆ ಅದೊಂದೇ ಗುರುತು ಉಳಿದಿರೋದು."

ಬಾಡಿಸಬೇಕು ಎಂದು ಅಂದೇ ನಿರ್ಧರಿಸಿದೆ. ಎಸಳು ಮಡಚುವುದು, ಬಣ್ಣ ಕಂದಿಸುವುದು ನನಗೆ ಬರುತ್ತಿತ್ತು. ಮುದುಕರನ್ನು ಎಳೆಯರನ್ನಾಗಿ ಮಾಡಿದ ಕೈಗೆ ಎಳೆಯದನ್ನು ಮುದಿಯಾಗಿಸುವುದು ಕಷ್ಟವಲ್ಲ. ಆದರೆ ಹನಿ? ವೇದಾ ಇದ್ದದ್ದು ಎಸಳಿನಲ್ಲಲ್ಲ, ಹನಿಯಲ್ಲಿ. ಹೂ ಬಾಡುವಾಗ ಹನಿ ಎಲ್ಲಿಗೆ ಹೋಗುತ್ತದೆ? ಆರಿ ಹೋಗುತ್ತದೆಯೇ, ಉದುರುತ್ತದೆಯೇ, ಹೂವೇ ಕುಡಿಯುತ್ತದೆಯೇ? ನಮ್ಮೂರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ, ಗಾವಲು ಕಾಯುವವರೆಲ್ಲ ಬೆನ್ನು ಹಾಕಿ ಕೂರುವವರೇ. ಬಾಟನಿ ಪುಸ್ತಕದಲ್ಲೂ ಅದಿರಲಿಲ್ಲ. ಮರುದಿನ ಹೊಸದೊಂದು ಹೂವಿಗೆ ಕೊಳಾಯಿ ಕ್ಯಾಮರಾ ಇಟ್ಟು ನೋಡಿದೆ. ಅದರ ಕಣ್ಣಿಗೆ ಒಂದು ಅಂಚು ಸ್ಪಷ್ಟವಾದರೆ ಉಳಿದದ್ದೆಲ್ಲ ಮಸುಕು. ಹನಿ ಕದಲಿದ ಕೂಡಲೇ ಕೈ ತಪ್ಪುತ್ತಿತ್ತು. ತಪ್ಪಾಗಿ ಅಳಿಸಿದರೆ ಏನಾಗುತ್ತದೆಂದು ನುಣ್ಣಗಿನ ಆ ಬಲಗೆನ್ನೆ ಹೇಳುತ್ತಿತ್ತು.

ಅದರ ಮರುದಿನ ಬೆಳಗ್ಗೆ ಬಳ್ಳಿಯ ಮುಂದೆ ಮಂಡಿಯೂರಿದೆ. ಹೊಸ ಶಂಖಪುಷ್ಪ, ಅದರ ಮೇಲೂ ಒಂದು ಹನಿ. ತುಂಗಕ್ಕ ಹಿಂದಿನಿಂದ ಕೊಡೆ ಬಿಚ್ಚಿದಳು. ಬೆನ್ನು ಹಾಕಿ ಕೂತು, "ನೋಡು, ಹೋಗು. ಆಡು ಬಂದ್ರೆ ನಾನಿದ್ದೀನಿ" ಅಂದಳು.

ಗೇಣಿನೊಳಗೆ ಮುಖ ತಂದೆ.

ಹೂ ನನ್ನನ್ನು ಹಿಡಿದದ್ದು ಗೊತ್ತಾಯಿತು. ನೋವೇನಿಲ್ಲ. ಯಾರೋ ನನ್ನನ್ನು ಅಣಕಿಸುತ್ತಿದ್ದಾರೆ ಎನಿಸಿತು, ಅಷ್ಟೇ. ನಾನು ಉಸಿರೆಳೆದರೆ ಅದೂ ಎಳೆಯಿತು. ನಾನು ಹೆದರಿ ನುಂಗಿದ ಉಗುಳನ್ನು ಅದೂ ನುಂಗಿತು. ಜೀವಮಾನವೆಲ್ಲ ಬೇರೆಯವರ ದನಿ ತೆಗೆದವನಿಗೆ, ತನ್ನನ್ನೇ ಒಂದು ಕೂದಲಿನಷ್ಟೂ ತಪ್ಪದೆ ಯಾರೋ ತೆಗೆಯುವುದು ಎಂದರೇನೆಂದು ತಿಳಿಯಿತು. ಆ ಅಣಕದಲ್ಲಿ ತಮಾಷೆ ಇರಲಿಲ್ಲ. ತಮಾಷೆ ಇಲ್ಲದ ಅಣಕದಷ್ಟು ಭಯಂಕರವಾದದ್ದು ನಾನು ಬೇರೆ ಕಂಡಿಲ್ಲ.

ಇಡೀ ದಿನ ಬೇಲಿಗೂ ಕಂಪ್ಯೂಟರಿಗೂ ಓಡಾಡಿದೆ. ಹೂವಿನಲ್ಲಿ ಅಂಚು ಒಳಗೆ ಸುರುಳಿಯಾದರೆ ಪರದೆಯಲ್ಲೂ ಸುರುಳಿ ಮಾಡಿದೆ. ನೀಲಿ ಕಂದಿ ಬಳಪದ ಬಣ್ಣಕ್ಕೆ ತಿರುಗಿದರೆ ಅಷ್ಟೇ ಕಂದಿಸಿದೆ. ಹನಿ ಆರಲಿಲ್ಲ, ಉದುರಲಿಲ್ಲ. ಬಿಸಿಲೇರಿದಂತೆ ಚಿಕ್ಕದಾಗುತ್ತಾ, ಬಿಳಿಯ ಗೆರೆ ಹಿಡಿದು ಜಾರುತ್ತಾ, ಹೂವಿನ ಗಂಟಲಿಗೆ ಇಳಿಯಿತು. ಎಸಳುಗಳು ಅದರ ಮೇಲೆ, ಮಗುವಿಗೆ ಹೊದಿಸಿದಂತೆ ಮುಚ್ಚಿಕೊಂಡವು. ಅಷ್ಟೇ. ಅಷ್ಟು ಗೊತ್ತಾಗಲು ಗೇಣಿನ ನೇಮ ಮುರಿಯಬೇಕಾಯಿತು.

ಒಳಗೆ ವೇದಾ ನನ್ನ ಪಕ್ಕದಲ್ಲಿ ಕೂತು ನನ್ನ ಭುಜ ಹಿಡಿದಿದ್ದಳು. ಹನಿಯನ್ನು ಕೂದಲೆಳೆ ಕೂದಲೆಳೆಯಾಗಿ ಕೆಳಗೆ ಸರಿಸಿದೆ. ಅದರೊಳಗಿನ ಹಳದಿ ಸೀರೆ ಸಾಸಿವೆಯಷ್ಟಾಯಿತು.

"ಮಂಜು ಹತ್ತಿರ ಬರ್ತಿದೆ ರೀ" ಅಂದಳು. ಸ್ವಲ್ಪ ಹೊತ್ತಿನ ಮೇಲೆ, "ಕೈಬೆರಳು ಕಾಣ್ತಿಲ್ಲ."

"ಇನ್ನೊಂಚೂರು."

"ಕತ್ತಲಾಗ್ತಿದೆ. ಮಾತಾಡ್ತಾ ಇರಿ."

ಏನು ಮಾತಾಡಿದೆನೋ. ಬೇಳೆ ಮುಗಿದಿದೆ ಅಂದೆ, ಹಿತ್ತಲ ಬಾಗಿಲಿನ ಚಿಲಕ ಸಡಿಲವಾಗಿದೆ ಅಂದೆ. ಒಂದು ಚಾಟೂಕ್ತಿಯೂ ಬಾಯಿಗೆ ಬರಲಿಲ್ಲ. ನನ್ನ ದನಿ ಇಷ್ಟು ಸಪ್ಪೆಯೆಂದು ನನಗೇ ಗೊತ್ತಿರಲಿಲ್ಲ. ಎಸಳನ್ನು ಹನಿಯ ಮೇಲೆ ಅರ್ಧ ಎಳೆದಿದ್ದೆ, ಕರೆಂಟು ಹೋಯಿತು. ಮೇಜಿನ ಕೆಳಗಿನ ಬ್ಯಾಟರಿ ಪೆಟ್ಟಿಗೆ ಕೀಂಯ್ ಕೀಂಯ್ ಎನ್ನತೊಡಗಿತು. ಅದೇ ಹೊತ್ತಿಗೆ ಹೊರಗೆ ತುಂಗಕ್ಕ, "ಹೈ! ಹೈ! ನಿನ್ ಕೊಂಬು ಮುರೀಲಿ!" ಎಂದು ಕಿರುಚಿದಳು. ಯಾವುದೋ ಆಡು ಬೇಲಿಗೆ ಬಾಯಿ ಹಾಕಿತ್ತು. ನನ್ನ ಕುತ್ತಿಗೆಯ ಹಿಂದೆ ಬಿಸಿ ಉಸಿರು ತಾಗಿದಂತಾಯಿತು. ಒಂದು ಕ್ಷಣ ಎದ್ದು ಓಡಬೇಕೆನಿಸಿತು. ವೇದಾಳ ಬೆರಳು ಭುಜಕ್ಕೆ ನಾಟಿತ್ತು. ಕೂತೆ. ಕೊನೆಯ ಎಸಳನ್ನು ಮುಚ್ಚಿದೆ, ಬಾಡಿಸಿದೆ, ತೊಟ್ಟಿನಿಂದ ಬಿಡಿಸಿ ಚಿತ್ರದ ಅಂಚಿಗೆ ಉದುರಿಸಿದೆ, ಹಳೆಯದರ ಮೇಲೇ ಸೇವ್ ಒತ್ತಿದೆ. ಪೆಟ್ಟಿಗೆ ಒಮ್ಮೆ ಉದ್ದಕ್ಕೆ ಕೂಗಿ ಸುಮ್ಮನಾಯಿತು. ಪರದೆ ಕಪ್ಪಾಯಿತು.

ಭುಜದ ಮೇಲಿನ ಹಿಡಿತ ಸಡಿಲವಾಯಿತು. ಕೇಳಲು ಧೈರ್ಯವಿರಲಿಲ್ಲ. ಅವಳು ಎದ್ದಳು, ಬಾಗಿಲ ಕಡೆ ನಡೆದಳು. ಹೆಜ್ಜೆಗಳು ತಡವರಿಸಲಿಲ್ಲವೋ, ತಡವರಿಸದಂತೆ ನನಗೆ ಕೇಳಿಸಿತೋ. ಹೊರಗೆ ಬೇಲಿಯ ಕೊನೆಯಲ್ಲಿ ತುಂಗಕ್ಕ ಉಸಿರು ಬಿಗಿಹಿಡಿದು, ಕೆಮ್ಮನ್ನೂ ನುಂಗಿಕೊಂಡು, ಒಂದು ಮಾತೂ ಆಡದೆ ನಿಂತಿದ್ದಳಂತೆ.

"ತುಂಗಕ್ಕ" ಅಂದಳು ವೇದಾ ಬಾಗಿಲಿನಿಂದಲೇ, "ಕೊಡೆ ಮಡಚಿ. ಬಿಸಿಲು ಇಳೀತು. ಸೆರಗು ಬೇಲಿಮುಳ್ಳಿಗೆ ಸಿಕ್ಕಿದೆ ನೋಡಿ."

ತುಂಗಕ್ಕ ಅತ್ತಳು, ಕೆಮ್ಮಿದಳು, ಆಡಿನ ವಂಶವನ್ನೆಲ್ಲ ಬಯ್ದಳು. ನನ್ನ ಹೂ ಕೂಡ ಅಷ್ಟರಲ್ಲಿ ತಾನಾಗಿ ಬಾಡಿ ಉದುರಿತ್ತು. ನನ್ನೊಳಗೆ ಅಣಕ ನಿಂತಿತ್ತು. ನಾನು ಬಾಗಿಲಿಗೆ ಹೋಗಿ ವೇದಾಳ ಮುಖವನ್ನು ಬೆಳಕಿಗೆ ತಿರುಗಿಸಿದೆ. ಮಚ್ಚೆ ಮರಳಿ ಬಂದಿತ್ತು. ಎಡಗೆನ್ನೆಯ ಮೇಲೆ.

"ಏನ್ರೀ, ಹಂಗ್ ನೋಡ್ತೀರಾ?" ಎಂದು ನಕ್ಕಳು. ಅದೇ ನಗು. ಎಡಗೈಯಲ್ಲಿ ಮುಂಗುರುಳು ಸರಿಸಿದಳು.

ಆ ಸಂಜೆ ಎಡಗೈಯಲ್ಲಿ ಒಲೆ ಹಚ್ಚಿದಳು. ಮರುದಿನ ಕತ್ತರಿ ಎಡಗೈಯಲ್ಲಿ ಬಟ್ಟೆಯನ್ನು ಕತ್ತರಿಸದೆ ಅಗಿಯಿತು. "ಈ ಕತ್ತರಿಗೆ ಏನಾಗಿದೆ ರೀ, ಹಿಂದುಮುಂದಾದಂಗಿದೆ" ಅಂದಳು. ಎಡಗೈಯವರ ಕತ್ತರಿ ತರಿಸಿಕೊಟ್ಟೆ. ತಟ್ಟೆಯ ಮೂಲಕ ಹೋದವಳು ತಟ್ಟೆಯ ಮೂಲಕವೇ ಬಂದಿದ್ದಳು. ನಮ್ಮ ಮನೆಯ ಸ್ಟೀಲ್ ತಟ್ಟೆಗಳನ್ನೆಲ್ಲ ಕೊಟ್ಟು ಬಾಳೆಲೆಗೆ ಬಂದೆವು. ಕನ್ನಡಿಯ ಮುಂದೆ ಅವಳು ನಿಂತಾಗ ಮಾತ್ರ ನಾನು ಆ ಕಡೆ ನೋಡುವುದಿಲ್ಲ. ಕನ್ನಡಿಯೊಳಗಿನವಳಿಗೆ ಮಚ್ಚೆ ಬಲಗೆನ್ನೆಯ ಮೇಲೆ ಇರುತ್ತದೆ. ನನಗೆ ಗೊತ್ತಿದ್ದ ವೇದಾ ಅಲ್ಲಿಂದ ನನ್ನನ್ನು ನೋಡಿಬಿಟ್ಟರೆ ಏನು ಹೇಳಲಿ ಎಂಬ ಭಯ.

ಹೋದ ವಾರ ತುಂಗಕ್ಕನ ಮನೆಯಲ್ಲಿ ಊಟವಿತ್ತು. ಪಂಕ್ತಿಯಲ್ಲಿ ವೇದಾ ಎಲೆಗೆ ಎಡಗೈ ಹಾಕಿದಳು. ಎದುರಿನ ಸಾಲಿನಲ್ಲಿ ಒಂದೊಂದೇ ಕೈ ನಿಂತಿತು. ಅವಳ ಕೆನ್ನೆ ಕೆಂಪಾಯಿತು, ಕೈ ಹಿಂದಕ್ಕೆ ಹೋಯಿತು, ಬಲಗೈಯಲ್ಲಿ ಎತ್ತಿದ ತುತ್ತು ಜಾರಿತು.

ನಾನು ಅಂಗಿಯ ತೋಳು ಮಡಚಿ ಎಡಗೈಯಲ್ಲಿ ಅನ್ನ ಕಲಸಿದೆ. ಅವಳ ಬೆರಳು ಹೇಗೆ ಬಾಗುತ್ತದೋ ಹಾಗೇ, ಅವಳು ತುತ್ತನ್ನು ಎಲೆಯ ಅಂಚಿಗೆ ಹೇಗೆ ಒರೆಸುತ್ತಾಳೋ ಹಾಗೇ.

"ನೋಡ್ರಪ್ಪ, ಈ ಚಿದಂಬರ ಈಗ ಹೆಂಡ್ತೀನೂ ಅಣಕಿಸ್ತಾನೆ" ಅಂದರು ಯಾರೋ. ಪಂಕ್ತಿಯೆಲ್ಲ ನಕ್ಕಿತು. ಮತ್ತೆ ಕೈಗಳು ಓಡಾಡಿದವು. ವೇದಾ ಓರೆಗಣ್ಣಲ್ಲಿ ನನ್ನನ್ನು ನೋಡಿ, ಎಡಗೈಯಲ್ಲಿ ಎರಡನೆಯ ತುತ್ತು ಎತ್ತಿದಳು. ನಾನೂ ಎತ್ತಿದೆ.